ಕಸ್ತೂರಕ್ಕನ ಕೈ

“ಎಲ್ಲರೂ ಕಸ್ತೂರಕ್ಕನ ಕೈ ನೋಡ್ರಿ” ಎಂದರು ತೈ ಚಿ ಎಂಬ ಚೀನಾದ ನಿಧಾನ ವ್ಯಾಯಾಮ ಕಲಿಸುವ ಸರ್. ನೆರೆಮನೆಯ ಕಸ್ತೂರಕ್ಕನನ್ನು ಮೊಣಕಾಲು ನೋವಿಗೆಂದು ಬನಹಟ್ಟಿಯ ಮೈದಾನದಲ್ಲಿ ನಡೆಯುವ ಆ ತರಗತಿಗೆ ಕರೆತಂದವಳು ನಾನೇ. ಅವಳಿಗದು ಮೂರನೇ ದಿನ, ನನಗೆ ಏಳನೇ ತಿಂಗಳು. ಕೈ ರೇಷ್ಮೆ ಎಳೆ ತೆಗೆದಂತೆ ಸಾಗಬೇಕು, ಜಗ್ಗಬಾರದು, ನಡುವೆ ನಿಲ್ಲಬಾರದು ಎಂಬ ಸರ್ ಅವರ ಪಾಠವನ್ನು ಶಾಲೆಯ ಟೀಚರ್ ಆದ ನಾನು ವಹಿಯಲ್ಲಿ ಬರೆದಿಟ್ಟುಕೊಂಡಿದ್ದೆ. ಆದರೂ ನನ್ನ ಕೈಯನ್ನು ಅವರು ಒಮ್ಮೆಯೂ ಯಾರಿಗೂ ತೋರಿಸಿರಲಿಲ್ಲ.

“ಇದನ್ನೆಲ್ಲಿ ಕಲ್ತಿ ಅಕ್ಕಾ?” ಎಂದೆ, ಹಲ್ಲು ಕಚ್ಚಿ ನಗುತ್ತ.

“ಕಲಿಯೂದೇನ ಬಂತ್ರಿ ಟೀಚರ್, ದಿನಾ ಮಗ್ಗಕ್ಕ ನೂಲು ಸುತ್ತತೀನಲ್ಲಾ. ಹರದ್ರ ಅತ್ತಿ ಬೈತಾರ.”

ಸಂಜೆ ಅವಳ ಮನೆಗೆ ಹೋಗಿ, ಸುಮ್ಮನೆ ಎಂಬಂತೆ ನೂಲು ಸುತ್ತುವ ರಾಟಿಯ ಮುಂದೆ ಕೂತೆ. ಮೂರು ಸಲ ನೂಲು ಹರಿಯಿತು. ಮೂರು ಸಲವೂ ಕಸ್ತೂರಕ್ಕ ಗಂಟು ಹಾಕಿಕೊಟ್ಟಳು. ಅವಳ ಅತ್ತೆಯಂತೆ ಬೈದಿದ್ದರೆ ನನ್ನ ಹೊಟ್ಟೆ ಇಷ್ಟು ಉರಿಯುತ್ತಿರಲಿಲ್ಲ.