ಬೆನ್ನ ಹಿಂದೆ ಚೆಲ್ಲಿದ ನೀರು

ಯಾದಗಿರಿಯಿಂದ ಬೆಳಿಗ್ಗೆ ಹೊರಟಾಗಲೇ ಮಾರ್ಚ್ ತಿಂಗಳ ಬಿಸಿಲು ಚುರುಗುಟ್ಟುತ್ತಿತ್ತು. ಬಸ್ಸಿನಲ್ಲಿ ಆಧಾರ್ ಕಾರ್ಡ್ ತೋರಿಸಿ ಹೆಂಗಸರ ಸೊನ್ನೆ ಟಿಕೆಟ್ ಪಡೆದು ಕಿಟಕಿ ಪಕ್ಕ ಕೂತೆ. ಸುರಪುರದ ಮಹಬೂಬ, ನನ್ನ ಹಳೆಯ ವಿದ್ಯಾರ್ಥಿ, ಹಿಂದಿನ ದಿನ ಫೋನ್ ಮಾಡಿದ್ದ. "ಮೇಡಂ, ನನ್ನ ಹೆಂಡ್ತಿ ನಿದ್ದಿನೇ ಮಾಡವಲ್ಲಳ್ರಿ. ಮಂದಿ ದೆವ್ವ ಬಡದದ ಅಂತಾರ. ಒಂದ್ಸಲ ಬಂದು ಮಾತಾಡಸ್ರಿ." ನಾನು ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುವವಳು. ದೆವ್ವದ ಮಾತು ಕೇಳಿದರೆ ಮೈ ಉರಿಯುತ್ತದೆ.

ಅವನ ಹೆಂಡತಿ ಟರ್ಕಿಯವಳು. ಕತಾರಿನಲ್ಲಿ ಅವನು ಕಾರು ಓಡಿಸುತ್ತಿದ್ದಾಗ ಅವಳು ಅಲ್ಲೇ ಬ್ಯೂಟಿ ಪಾರ್ಲರಿನಲ್ಲಿದ್ದಳಂತೆ. ತವರಿನಲ್ಲಿ ಹತೀಜೆ, ಸುರಪುರದಲ್ಲಿ ಖತೀಜಾ.

ಭೀಮಾ ಸೇತುವೆ ದಾಟಿ ಒಂದು ತಾಸಿನೊಳಗೆ ಶಹಾಪುರ. ಬಸ್ ನಿಂತಷ್ಟು ಹೊತ್ತು ಮಿರ್ಚಿ ಭಜಿ, ಮಂಡಕ್ಕಿ ಸುಸಲಾ ತಿಂದೆ. ಎದುರಿಗೆ, ಬುದ್ಧ ಮಲಗಿದಂತಿದೆ ಎಂದು ಎಲ್ಲರೂ ತೋರಿಸುವ ಬೆಟ್ಟ. ಹಣೆ, ಮೂಗು, ಎದೆ ಎಲ್ಲ ಇದ್ದವು. ಅಂದು ಮಾತ್ರ ಯಾರನ್ನೋ ಬಟ್ಟೆ ಹೊದಿಸಿ ಮಲಗಿಸಿದ ಹಾಗೆ ಕಂಡಿತು. ಮಿರ್ಚಿ ಹೆಚ್ಚಾಯಿತು ಎಂದುಕೊಂಡೆ.

ಸುರಪುರದಲ್ಲಿ ಬಂಡೆಗಳ ಬುಡಕ್ಕೆ ಅವರ ಮನೆ. ಹತೀಜೆ ಹೊಸ್ತಿಲ ಮೇಲೆ ಕೂತಿದ್ದಳು. "ಬರ್ರಿ ಆಪಾ, ಬಿಸಿಲಾಗ ಬಂದೀರಿ," ಎಂದಳು. ಕಣ್ಣು ಮುಚ್ಚಿ ಕೇಳಿದರೆ ಇಲ್ಲೇ ಹುಟ್ಟಿದವಳು ಅನ್ನಬೇಕು. ಅವಳು ಬಡಿದ ಜೋಳದ ರೊಟ್ಟಿ ನನ್ನದಕ್ಕಿಂತ ತೆಳ್ಳಗಿತ್ತು. ಪುಂಡಿ ಪಲ್ಯ ನಾಲಿಗೆಗೆ ಹತ್ತಿತು. ಇಷ್ಟೆಲ್ಲ ಕಲಿತವಳಿಗೆ ಏನು ಕೊರತೆ ಎಂದು ಸುತ್ತ ನೋಡಿದಾಗ ಒಂದು ವಿಚಿತ್ರ ಕಂಡಿತು. ಮನೆಯ ನೀರಿನ ಕೊಡಗಳ ಬಾಯಿಗೆಲ್ಲ ಬಟ್ಟೆ ಬಿಗಿದಿತ್ತು. ಕುಡಿಯಲು ನೀರು ಕೇಳಿದರೆ ಅತ್ತೆ ಹುಸೇನಬಿ ತಾನೇ ಎದ್ದು ಬಿಚ್ಚಿ ಕೊಟ್ಟು ಮತ್ತೆ ಕಟ್ಟಿದಳು.

"ನಮ್ಮ ಮನ್ಯಾರು ಹೈದರಾಬಾದಿಗೆ ಮದಿವಿಗಿ ಹೊಂಟಿದ್ರರಿ ಅಕ್ಕೋರ," ಎಂದು ಹುಸೇನಬಿ ತಗ್ಗಿದ ದನಿಯಲ್ಲಿ ಹೇಳಿದಳು. "ಈಕಿ ಹಿಂದಿಂದ ಒಂದ್ ತಂಬಿಗಿ ನೀರು ಸುರುವಿದಳು. ಹೆಣ ಹೊಂಟ ಮ್ಯಾಗ ಅಂಗಳಕ್ಕ ಹಾಕ್ತಾರಲ್ರಿ, ಹಂಗ. ಅವ್ರು ಬಸ್ಸಿನ್ಯಾಗೇ ಎದಿ ಹಿಡಕೊಂಡು ಹೋಗಿಬಿಟ್ರು."

ಹತೀಜೆ ಬೀದಿಯಿಂದ ಕಣ್ಣು ತೆಗೆಯಲಿಲ್ಲ. "ನೀರಿನಂಗ ಹೋಗಿ ನೀರಿನಂಗ ಬರ್ರಿ ಅಂತ ಹಾಕಿದ್ದೆ ಆಪಾ. ಊರಿಗಿ ಹೊಂಟವರಿಗಿ ನಮ್ಮವ್ವ ಹಂಗೇ ಹಾಕ್ತಿದ್ದಳು. ಅತ್ತಿ ನನಗ ಒಂದ್ ಮಾತೂ ಬೈಲಿಲ್ಲ, ಮತ್ತ ಸುರುವಬಾರ್ದಂತ ಬರೇ ಕೊಡದ ಬಾಯಿ ಕಟ್ಟಿದ್ರು. ಈಗ ನನಗೂ ನೀರಂದ್ರ ಅಂಜಿಕಿ. ಹಾಕಿದ್ರ ಸಾಯ್ತಾರ. ಹಾಕದಿದ್ರ ತಿರುಗಿ ಬರಂಗಿಲ್ಲ. ಇವರು ಗಾಡಿ ತಗೊಂಡು ಹೋಗ್ತಾರಂದ್ರ ಹಿಂದಿನ ರಾತ್ರಿಯಿಂದನೇ ಕಣ್ಣು ಮುಚ್ಚಾಕ ಆಗವಲ್ದು. ಮುಚ್ಚಿದ್ರ ಮಾವ ಬಾಗಿಲಾಗ ನಿಂತಿರ್ತಾರ. ಕಾಲು ನೀರಿಲೆ ತೊಯ್ದಿರ್ತಾವ."

ನನ್ನ ಕಣ್ಣು ತಾನಾಗಿ ಹೊಸ್ತಿಲಿಗೆ ಹೋಯಿತು. ಕಲ್ಲು ಒಣಗಿಯೇ ಇತ್ತು. ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಯಿತು.

ಮರುದಿನ ಮಹಬೂಬ ಸರಕಿನ ಗಾಡಿ ತೆಗೆದುಕೊಂಡು ಹೈದರಾಬಾದಿಗೆ ಹೋಗಬೇಕಿತ್ತು. ಬಂದ ಮೇಲೆ ಅವಳನ್ನು ಡಾಕ್ಟರಿಗೆ ತೋರಿಸು ಎಂದು ಅವನಿಗೆ ಹೇಳಿದೆ, ಅವನೂ ಒಪ್ಪಿದ. ಆದರೆ ಅಲ್ಲಿಯತನಕ ಅವಳು ರಾತ್ರಿ ದಾಟುವುದು ಹೇಗೆ? ಚಪ್ಪಲಿ ಮೆಟ್ಟುತ್ತ ನನ್ನ ಬಾಯಿಂದ ಮಾತು ಬಂದೇಬಿಟ್ಟಿತು. "ನಾನೀಗ ಊರಿಗೆ ಹೊರಟೆನಲ್ಲ ಹತೀಜೆ, ನನ್ನ ಬೆನ್ನ ಹಿಂದೆ ನೀರು ಹಾಕು. ಮುಟ್ಟಿದ ಮೇಲೆ ಫೋನ್ ಮಾಡುತ್ತೇನೆ."

"ಬ್ಯಾಡ್ರಿ ಅಕ್ಕೋರ! ನಿಮಗೂ ಮಕ್ಕಳದಾವ," ಎಂದು ಹುಸೇನಬಿ ನನ್ನ ಕೈ ಹಿಡಿದಳು. ಹತೀಜೆ ಆಗಲೇ ಕೊಡದ ಬಟ್ಟೆ ಬಿಚ್ಚುತ್ತಿದ್ದಳು. ಧೈರ್ಯ ಹೇಳಿದ್ದು ನನ್ನ ಬಾಯಿ, ಕಾಲು ಒಪ್ಪಿರಲಿಲ್ಲ. ಅಂಗಳ ದಾಟುವಷ್ಟರಲ್ಲಿ ಹಿಂದೆ ನೀರು ಚೆಲ್ಲಿದ ಸದ್ದಾಯಿತು, ಹಿಮ್ಮಡಿ ತಣ್ಣಗಾಯಿತು. ಸ್ಮಶಾನದಿಂದ ಬರುವಾಗ ತಿರುಗಿ ನೋಡಬಾರದು ಎಂದು ಅಜ್ಜಿ ಹೇಳಿದ್ದು ನೆನಪಾಯಿತು. ನೋಡಲಿಲ್ಲ.

ಬಸ್ಸಿನಲ್ಲಿ ಫ್ಯಾನಿಲ್ಲ, ಬೆಂಕಿಯಂಥ ಗಾಳಿ. ಆದರೂ ಹಿಮ್ಮಡಿ ಆರಲಿಲ್ಲ. ಅಥವಾ ನನಗೆ ಹಾಗನ್ನಿಸಿತು. ಶಹಾಪುರ ದಾಟುವಾಗ ಬೆಟ್ಟದ ಕಡೆ ಮುಖ ಹಾಕಲಿಲ್ಲ. ಭೀಮಾ ಸೇತುವೆ ಹತ್ತಿರ ಎಮ್ಮೆ ಅಡ್ಡ ಬಂದು ಡ್ರೈವರ್ ಬ್ರೇಕ್ ಒತ್ತಿದಾಗ, ಕ್ಲಾಸಿನಲ್ಲಿ ನಾನು ಕಲಿಸಿದ್ದೆಲ್ಲ ಹೊಳೆಗೆ ಹೋಯಿತು. ಬಾಯಲ್ಲಿ ಉಳಿದದ್ದು ಮನೆದೇವರ ಹೆಸರೊಂದೇ.

ಮನೆ ಮುಟ್ಟಿ ಫೋನ್ ಮಾಡಿದೆ. "ಮುಟ್ಟಿದ್ರಿ?" ಎಂದು ಕೇಳಿ ಹುಸೇನಬಿ ಜೋರಾಗಿ ಸೊಸೆಯನ್ನು ಕರೆದಳು. ಫೋನು ಹತೀಜೆಯ ಕೈಗೆ ಹೋಯಿತು. ಅವಳು ತನ್ನ ಭಾಷೆಯಲ್ಲಿ ಅಳುತ್ತ ಏನೇನೋ ಹೇಳಿದಳು. ಒಂದಕ್ಷರವೂ ತಿಳಿಯಲಿಲ್ಲ, ನನಗೂ ಅಳು ಬಂತು.

ಮರುದಿನ ಬೆಳಿಗ್ಗೆ ಮಹಬೂಬನ ಫೋನ್. "ರಾತ್ರಿ ಮಲಗ್ಯಾಳ್ರಿ ಮೇಡಂ. ನಾ ಈಗ ಹೊಂಟೀನಿ. ತಂಬಿಗಿ ಅಮ್ಮನೇ ತುಂಬಿ ಅಕಿ ಕೈಗಿ ಕೊಟ್ಟಾಳ."

ಸಮಾಧಾನವಾಯಿತು. ಬ್ಯಾಗು ಹೆಗಲಿಗೆ ಹಾಕಿಕೊಂಡು ಕಾಲೇಜಿಗೆ ಹೊರಟೆ. ಹೊಸ್ತಿಲಿನಲ್ಲಿ ಕಾಲು ನಿಂತುಬಿಟ್ಟಿತು. ಹಿಂದೆ ತಿರುಗಿದರೆ ಪಡಸಾಲೆಯಲ್ಲಿ ಯಾರೂ ಇರಲಿಲ್ಲ, ನೆಲ ಒಣಗಿತ್ತು.

"ಏನ್ರೀ," ಎಂದು ಒಳಗಿದ್ದ ಗಂಡನನ್ನು ಕೂಗಿದೆ. "ಒಂದ್ ತಂಬಿಗಿ ನೀರು ತಗೊಂಡು ಬರ್ರಿ."