ದಸ್ತಿಯ ಕೆಳಗಿನ ಕೈ

ಮೊನ್ನೆ ಹಿತ್ತಲಲ್ಲಿ ಕೋಳಿಯ ಪುಕ್ಕ ಕಿತ್ತು ಬೆಂಕಿಗೆ ಹಿಡಿದಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೂತವನು ಎದ್ದು ನಿಂತುಬಿಟ್ಟೆ. ಸುಡುವ ಚರ್ಮ... ನಿಜಾಮರ ಕಾಲದ ಮಸ್ಕಿ ಸಂತೆಯಲ್ಲೂ ಹೀಗೇ ಬಂದಿತ್ತು.

ಆಗ ನಾನು ಎತ್ತಿನ ವ್ಯಾಪಾರಕ್ಕೆ ಹೊಸಬ. ಕಲಿಸಿದವನು ಒಬ್ಬ ದಲ್ಲಾಳಿ. ಎಲ್ಲರಿಗೂ ಅವನು ಕಾಕಾ. ಸಂತೆಯಲ್ಲಿ ದರವನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಇಬ್ಬರ ಕೈ ಮೇಲೆ ದಸ್ತಿ, ಅಂದರೆ ಕರವಸ್ತ್ರ, ಮುಚ್ಚಿ, ಒಳಗೆ ಬೆರಳು ಹಿಡಿದು ಒತ್ತಿದರೆ ಅದೇ ಮಾತು. ಎದುರಿನವನ ಅಂಗೈ ಬೆವೆತಿದೆಯೋ, ಬಿಗಿದಿದೆಯೋ, ಕಾಕಾನಿಗೆ ಎಲ್ಲ ತಿಳಿಯುತ್ತಿತ್ತು. ಆ ಕೈಯಿಂದಲೇ ಅವನ ಮನೆ ನಡೆಯುತ್ತಿತ್ತು.

ಅವತ್ತು ಸಿಂಧನೂರಿನ ಗಿರಾಕಿಯೊಬ್ಬ ಬಂದಿದ್ದ. ಕಾಕಾನ ಬಲಗೈ ದಸ್ತಿಯೊಳಗೆ, ಎಡಗೈಯಲ್ಲಿ ಬೀಡಿ. ಗಿರಾಕಿ ಒತ್ತಿದ, ಮತ್ತೆ ಒತ್ತಿದ. ಜವಾಬಿಲ್ಲ.

"ಯಾಕ ಕಾಕಾ, ನಿಂತಲ್ಲೇ ನಿದ್ದಿ ಹತ್ತೇನು?" ಎಂದ ಗಿರಾಕಿ. ಸುತ್ತಲಿನವರು ನಕ್ಕರು. ಕಾಕಾನೂ ನಕ್ಕ.

ಆಗ ಬಂತು ವಾಸನೆ. ಬೀಡಿ ಉರಿದು ಬೆರಳ ಸಂದಿಗೆ ಮುಟ್ಟಿತ್ತು. ಚರ್ಮ ಸುಡುತ್ತಿತ್ತು. ಅವನು ಇನ್ನೂ ನಗುತ್ತಲೇ ಇದ್ದ! ನಾನು ಚೀರಿ, ಬೀಡಿಯನ್ನು ಹೊಡೆದು ಬೀಳಿಸಿದೆ. ಕಾಕಾ ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿದ...

"ಯಾವಾಗಿಂದ ಕಾಕಾ?" ಎಂದೆ.

"ಮಳಿಗಾಲದಾಗ ಎರಡೂ ಕೈ ಜುಮು ಜುಮು ಅಂತಿದ್ವಲೇ. ಸಂತಿ ಮುಗೀಲಿ, ಆಮ್ಯಾಲ ನೋಡೂಣು ಅಂದೆ. ಒದರಿ ಒದರಿ ಅವೂ ಸುಮ್ಮಾದ್ವು. ಈಗ ಬರೇ ಗಿರಾಕಿ ಮಾರಿ, ಕಣ್ಣು ನೋಡಿ ದರಾ ಹೇಳಾಕತ್ತೀನಿ."

ಲಿಂಗಸೂಗೂರಿನ ದವಾಖಾನೆಗೆ ಕರೆದೊಯ್ದೆ. ಡಾಕ್ಟರು ಕಣ್ಣು ಮುಚ್ಚಲು ಹೇಳಿ ಸೂಜಿ ತೆಗೆದರು. "ಹೂಂ, ಚುಚ್ಚ್ರಿ ಸಾಹೇಬ್ರ," ಎಂದ ಕಾಕಾ. ಸೂಜಿ ಆಗಲೇ ಒಳಗಿತ್ತು. ಕುಷ್ಠ ಎಂದರು, ಹೈದರಾಬಾದಿನ ಕಡೆಯ ಕುಷ್ಠದ ಆಸ್ಪತ್ರೆಗೆ ಹೋಗಬೇಕೆಂದರು.

ಚೌಕಾಸಿಯಲ್ಲೇ ಬದುಕು ಕಟ್ಟಿದವನು ಹೇಳುತ್ತೇನೆ, ಕೇಳಿ. ಮೈ ಮೊದಲು ಹೇಳುವ ದರವೇ ಅಗ್ಗದ್ದು. ತಡ ಮಾಡಿದಷ್ಟೂ ಏರಿಸುತ್ತದೆ, ಇಳಿಸುವುದಿಲ್ಲ. ದಿನಕ್ಕೊಮ್ಮೆ ಸುಮ್ಮನೆ ಕೂತು, ಅಂಗಾಲಿನಿಂದ ನೆತ್ತಿಯ ತನಕ ಅದು ಏನನ್ನುತ್ತಿದೆ ಎಂದು ಕೇಳಿಸಿಕೊಳ್ಳಿ.

ಸುದ್ದಿ ಹಬ್ಬಿ, ಮುಂದಿನ ಸಂತೆಯಲ್ಲಿ ಕಾಕಾನ ದಸ್ತಿಯೊಳಗೆ ಯಾರೂ ಕೈ ಇಡಲಿಲ್ಲ. ಕಾಕಾ ನನ್ನ ಎತ್ತಿನ ಬಳಿ ಬಂದು, ಅದರ ಪಕ್ಕೆಗೆ ಕೆನ್ನೆ ಒತ್ತಿ ಕಣ್ಣು ಮುಚ್ಚಿದ. ಬಹಳ ಹೊತ್ತು ಹಾಗೇ ನಿಂತ.

"ಬಿಸಿ ಹತ್ತತೈತಿ ಲೇ... ಉಸುರು ತಿಳಿತೈತಿ. ಇಲ್ಲಿ ಇನ್ನಾ ನಾ ಅದೀನಿ," ಎಂದ. ಹುಟ್ಟಿದಾಗಿನಿಂದ ಇದ್ದ ಕೆನ್ನೆ ಅವನಿಗೆ ಅಂದೇ ಸಿಕ್ಕಂತಿತ್ತು.

ಕಾಕಾ ಹೊರಡುವ ದಿನ ಮೋಟಾರಿನ ಹತ್ತಿರ ನಿಂತು ನಾನು ದೊಡ್ಡ ದನಿಯಲ್ಲಿ, "ಲಗೂ ಆರಾಮಾಗಿ ಬರತಿ ತಗೋ ಕಾಕಾ," ಎಂದೆ. ಅವನು ಬೆವೆತಿದ್ದ ನನ್ನ ಅಂಗೈಯನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡ.

"ನಿನ್ನ ಕೈ ಹಂಗ ಅನ್ನವಲ್ದಲ್ಲೋ," ಎಂದ.

ಅವನು ತಿರುಗಿ ಬರಲಿಲ್ಲ. ಎಲ್ಲಿ ಮಣ್ಣಾದನೋ, ಸುದ್ದಿಯೂ ಬರಲಿಲ್ಲ. ಈಗ ನನಗೆ ಅವನಿಗಿಂತ ಹೆಚ್ಚು ವಯಸ್ಸು. ಅಂದು ತಾಗಿದ ಕುರುಚಲು ಗಡ್ಡ ಅಂಗೈಯಲ್ಲಿ ಇನ್ನೂ ಚುಚ್ಚುತ್ತದೆ.