ಕೆನ್ನೆಯ ನೋವಿಗೊಂದು ಹೋಲಿಕೆ

ಮೊದಲ ಹೊಡೆತ ಬಿದ್ದಿದ್ದು ಮುಖ ತೊಳೆಯುವಾಗ. ಎಡಗೆನ್ನೆಗೆ ತಣ್ಣೀರು ತಾಗಿತು. ಚೊಂಬು ಕೈಜಾರಿತು. ಕೂಗೋಣವೆಂದರೆ, ಬಾಯಿ ತೆರೆಯುವಷ್ಟರಲ್ಲಿ ನೋವೇ ಇರಲಿಲ್ಲ.

ಮರುದಿನ ತರಗತಿಯಲ್ಲಿ ಮತ್ತೆ ಬಂತು. ಹಾನುಬಾಳಿನ ಹೈಸ್ಕೂಲಿನಲ್ಲಿ ನಾನು ಕನ್ನಡ ಟೀಚರ್. ಮಾತೇ ನನ್ನ ಕಸುಬು. ಈಗ ಮಕ್ಕಳಿಗೆ ಕೂತ್ಕೊಳಿ ಎನ್ನಲು ತುಟಿ ಅಲ್ಲಾಡಿಸಿದರೂ ದವಡೆಯಿಂದ ಮೂಗಿನ ಪಕ್ಕದವರೆಗೆ ಹೊಡೆಯುತ್ತಿತ್ತು. ಅಗಿಯುವಂತಿಲ್ಲ, ಹಲ್ಲುಜ್ಜುವಂತಿಲ್ಲ, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರುವಂತಿಲ್ಲ. ಗಂಜಿ ಕುಡಿದು, ಸೆರಗಿನಿಂದ ಕೆನ್ನೆ ಮುಚ್ಚಿಕೊಂಡು, ಪಾಠವನ್ನೆಲ್ಲ ಬೋರ್ಡಿನ ಮೇಲೆ ಬರೆದೇ ಮುಗಿಸುತ್ತಿದ್ದೆ.

ಸಕಲೇಶಪುರದ ಹಲ್ಲಿನ ಡಾಕ್ಟರಮ್ಮ ಕೇಳಿದರು, "ನೋವು ಹೆಂಗಿರುತ್ತೆ ಟೀಚರ್?"

ವರ್ಷಗಟ್ಟಲೆ ಉಪಮಾಲಂಕಾರ ಕಲಿಸಿದವಳಿಗೆ ಹೋಲಿಕೆಗೇನು ಬರ? ಬೆಂಕಿ ಇಟ್ಟ ಹಾಗೆ ಅಂದೆ. ಕೆಂಡ ಕಚ್ಚಿಕೊಂಡ ಹಾಗೆ ಅಂದೆ. ಸಾಲದೆಂದು ಸಾವಿರ ಸೂಜಿಯನ್ನೂ ಸೇರಿಸಿದೆ. ಅವರು ಎಕ್ಸ್‌ರೇ ನೋಡಿದರು. ಒಂದು ದವಡೆ ಹಲ್ಲಿನಲ್ಲಿ ಹುಳುಕು ಕಂಡಿತು. ಕಿತ್ತರು.

ಹಲ್ಲು ಹೋಯಿತು. ನೋವು ಹೋಗಲಿಲ್ಲ.

ಪಕ್ಕದ ಹಲ್ಲನ್ನೂ ತೆಗೆಯುವುದೆಂದಾಯಿತು. ನನಗೆ ನಿಜವಾದ ಭಯ ಹುಟ್ಟಿದ್ದು ಆಗ. ಹೀಗೆ ಒಂದೊಂದೇ ಹಲ್ಲು ಕೀಳಿಸಿಕೊಂಡು, ಮಾತೂ ನಿಂತು, ಕೊನೆಗೆ ಕೆಲಸ ಬಿಟ್ಟು ಮನೆಯಲ್ಲಿ ಕೂರಬೇಕಾಗುತ್ತದೆ ಎಂದು ಅಡುಗೆಮನೆಯಲ್ಲಿ ನಿಂತು ಅತ್ತೆ. ಕಣ್ಣೀರು ಕೆನ್ನೆಗಿಳಿದು ಅದಕ್ಕೂ ಹೊಡೆಯಿತು. ಅಳುವುದಕ್ಕೂ ಸ್ವಾತಂತ್ರ್ಯವಿಲ್ಲವಲ್ಲ ಎಂದು ಸಿಟ್ಟೂ ಬಂತು.

ಆ ಭಾನುವಾರ ನಮ್ಮ ಯಜಮಾನರು ಆನೆ ತಡೆಯಲು ತೋಟಕ್ಕೆ ಹಾಕಿದ ಸೋಲಾರ್ ಬೇಲಿಗೆ ಹಬ್ಬಿದ ಬಳ್ಳಿ ಬಿಡಿಸಲು ಹೊರಟಿದ್ದರು. ಮನೆಯಲ್ಲಿ ಕೊರಗುವುದು ಬೇಡವೆಂದು ನಾನೂ ಹೋದೆ. ಕರೆಂಟು ತೆಗೆಯುವ ಮೊದಲೇ ನನ್ನ ಮೊಣಕೈ ತಂತಿಗೆ ತಾಗಿತು. ಎಗರಿಬಿದ್ದೆ.

"ಇನ್ನೂ ಆಫ್ ಮಾಡಿಲ್ಲ ಮಾರಾಯ್ತಿ. ಹೆದರ್ಕಬ್ಯಾಡ, ಅದು ಹೊಡಿತದೆ, ಬಿಟ್ಬುಡ್ತದೆ. ಈಗ ನೋವೈತಾ?" ಎಂದರು.

ಇರಲಿಲ್ಲ. ಒಂದಿಷ್ಟೂ ಇರಲಿಲ್ಲ.

ಮೊಣಕೈ ಹಿಡಿದುಕೊಂಡು ಅಲ್ಲೇ ನಿಂತೆ. ನನ್ನ ಕೆನ್ನೆ ಮಾಡುತ್ತಿದ್ದುದು ಇದನ್ನೇ. ಬೆಂಕಿ ತಾಗಿದರೆ ಉರಿ ಉಳಿಯುತ್ತದೆ. ಕೆಂಡ ಕಚ್ಚಿದರೆ ಬೊಬ್ಬೆ ಏಳುತ್ತದೆ. ನಾನು ಇಷ್ಟು ದಿನ ನೋವಿನ ಗಾತ್ರ ಹೇಳಿದ್ದೆ, ಅದರ ನಡತೆ ಹೇಳಿರಲಿಲ್ಲ. ದೊಡ್ಡ ಮಾತು ಹುಡುಕುವ ಭರದಲ್ಲಿ ಸರಿಯಾದ ಮಾತು ಬಿಟ್ಟುಹೋಗಿತ್ತು. ಪಾಪ, ಉರಿ ಉರಿ ಎಂದವಳ ಬಾಯಲ್ಲಿ ಡಾಕ್ಟರಾದರೂ ಹುಳುಕನ್ನಲ್ಲದೆ ಇನ್ನೇನು ಹುಡುಕಿಯಾರು?

ಹಲ್ಲು ಕೀಳುವ ದಿನ ಡಾಕ್ಟರಮ್ಮ ಇಂಜೆಕ್ಷನ್ ತುಂಬಿಸುತ್ತಿದ್ದರು. ಕೆನ್ನೆಗೆ ಕೈ ಅಡ್ಡ ಹಿಡಿದು, ಒಂದೊಂದೇ ಮಾತು ಬಿಡಿಸಿ ಹೇಳಿದೆ. "ಸೋಲಾರ್ ಬೇಲಿ ಮುಟ್ಟಿದ ಹಾಗೆ ಡಾಕ್ಟ್ರೇ. ಗಾಳಿ ತಾಗಿದ್ರೂ ಹೊಡೆಯುತ್ತೆ. ತಕ್ಷಣ ಬಿಡುತ್ತೆ. ಮತ್ತೆ ತಾಗಿದ್ರೆ ಮತ್ತೆ."

ಅವರ ಕೈ ನಿಂತಿತು.

"ನಮ್ ತೋಟದಾಗೂ ಬೇಲಿ ಐತೆ, ನಾನೂ ಹೊಡೆಸ್ಕೊಂಡಿದೀನಿ. ಮಧ್ಯ ಮಧ್ಯ ಏನೂ ನೋವಿರಲ್ವಾ?"

"ಏನೂ ಇಲ್ಲ."

"ಹಂಗಾದ್ರೆ ಇದು ಹಲ್ಲಲ್ಲ ಕಣ್ರೀ, ನರ. ಹಾಸನಕ್ಕೆ ಬರ್ಕೊಡ್ತೀನಿ."

ಹಲ್ಲು ಉಳಿಯಿತು.

ಹಾಸನದ ನ್ಯೂರಾಲಜಿಸ್ಟ್ ಎಂಆರ್‌ಐ ಮಾಡಿಸಿದರು. ಟ್ರೈಜೆಮಿನಲ್ ನ್ಯೂರಾಲ್ಜಿಯಾ ಎಂದರು. ಮುಖದ ನರದ ಕಾಯಿಲೆ. "ನೀವು ಹೇಳಿದ ಬೇಲಿ ಕಥೆಯಲ್ಲೇ ಅರ್ಧ ಗೊತ್ತಾಗಿತ್ತು ಮೇಡಂ" ಎಂದು ನಕ್ಕರು. ನನಗೆ ಬಹುಮಾನ ಬಂದಷ್ಟು ಖುಷಿಯಾಯಿತು. ಅವರು ಕೊಟ್ಟ ಮಾತ್ರೆಗೆ ಮೊದಮೊದಲು ತಲೆ ತಿರುಗುತ್ತಿತ್ತು, ಪಾಠದ ನಡುವೆ ತೂಕಡಿಕೆ ಬರುತ್ತಿತ್ತು. ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ನೋವು ಮರಳಿ ಬರಲೂಬಹುದಂತೆ. ಬರಲಿ, ಈಗ ಅದರ ಗುರುತು ನನಗೆ ಚೆನ್ನಾಗಿ ಸಿಕ್ಕಿದೆ.

ಹೊಡೆತಗಳು ದೂರ ದೂರವಾದವು. ಆಮೇಲೆ ನಿಂತವು. ತರಗತಿಯಲ್ಲಿ ಗಂಟಲು ಬಿಚ್ಚಿ ಪದ್ಯ ಓದಿದೆ. ಪಕ್ಕದ ತರಗತಿಯ ಮೇಷ್ಟ್ರು ಬಂದು ಇಣುಕಿ ನೋಡಿದರು.

ಆ ಸಂಜೆ ಯಜಮಾನರೇ ಒಲೆ ಮುಂದೆ ನಿಂತು ಅಕ್ಕಿ ರೊಟ್ಟಿ ಹಾಕಿದರು. ಅಂಚು ಗರಿಗರಿಯಾಗಿತ್ತು. ಬೇಕೆಂದೇ ಎಡಗಡೆಗೆ ಹಾಕಿಕೊಂಡು ಅಗಿದೆ. ಅವರು ರೊಟ್ಟಿ ತಿರುವುವ ಮೊಗಚೋಕೈ ಹಿಡಿದುಕೊಂಡೇ ನನ್ನ ಮುಖ ನೋಡುತ್ತಿದ್ದರು.

"ಹೆಂಗೈತೆ?"

"ರೊಟ್ಟಿ ಇದ್ದಂಗೇ ಐತೆ" ಎಂದೆ. ಇನ್ನೊಂದು ಹಾಕಿಸಿಕೊಂಡೆ.